ಹಿಟ್ಟಿನ ಕೋಳಿಯೂ ಶನಿಯ ಹಿಮಚಂದ್ರನೂ

೨೦೧೭ರ ಸೆಪ್ಟೆಂಬರ್ ೧೫ರಂದು ಕ್ಯಾಸಿನಿ ಎಂಬ ವ್ಯೋಮನೌಕೆ ಶನಿಗ್ರಹದ ವಾತಾವರಣವನ್ನು ಹೊಕ್ಕು ಉರಿದುಹೋಯಿತು. ಅದು ಅಪಘಾತವಲ್ಲ, ಅದನ್ನು ಕಳುಹಿಸಿದ ವಿಜ್ಞಾನಿಗಳೇ ಬುದ್ಧಿಪೂರ್ವಕವಾಗಿ ವಿಧಿಸಿದ ಅಂತ್ಯ. ೧೯೯೭ರಲ್ಲಿ ಭೂಮಿಯನ್ನು ಬಿಟ್ಟು, ೨೦೦೪ರಲ್ಲಿ ಶನಿಯನ್ನು ಸೇರಿ, ಹದಿಮೂರು ವರ್ಷ ದುಡಿದ ಆ ನೌಕೆಯ ಇಂಧನ ಮುಗಿಯುತ್ತ ಬಂದಿತ್ತು. ಹತೋಟಿ ತಪ್ಪಿದ ನೌಕೆ ಎಂದಾದರೊಂದು ದಿನ ಶನಿಯ ಉಪಗ್ರಹಗಳಾದ ಎನ್ಸೆಲಾಡಸ್ಸಿಗೋ ಟೈಟನ್ನಿಗೋ ಬಡಿದು, ತನ್ನ ಮೈಗಂಟಿ ಉಳಿದಿರಬಹುದಾದ ಭೂಮಿಯ ಸೂಕ್ಷ್ಮಜೀವಿಗಳನ್ನು ಅಲ್ಲಿ ಚೆಲ್ಲೀತು. ಅಲ್ಲಿ ಜೀವವಿದ್ದರೆ ಅದರ ಗತಿಯೇನು? ಈ ಶಂಕೆಯಿಂದಲೇ ನೌಕೆಯನ್ನು ದಹಿಸಬೇಕಾಯಿತು.

ಎನ್ಸೆಲಾಡಸ್ ಸುಮಾರು ೫೦೦ ಕಿಲೋಮೀಟರ್ ವ್ಯಾಸದ ಪುಟ್ಟ ಚಂದ್ರ. ಮೇಲೆ ಹಿಮದ ಕವಚ. ಒಳಗೆ ಉಪ್ಪುನೀರಿನ ಕಡಲು. ದಕ್ಷಿಣ ಧ್ರುವದ ಬಿರುಕುಗಳಿಂದ ಆ ನೀರು ಆವಿಯಾಗಿ, ಹಿಮಕಣಗಳಾಗಿ ಆಕಾಶಕ್ಕೆ ಚಿಮ್ಮುವುದನ್ನು ೨೦೦೫ರಲ್ಲಿ ಕಂಡ ಕ್ಯಾಸಿನಿ, ಮುಂದೆ ಆ ಚಿಲುಮೆಗಳ ನಡುವೆಯೇ ಹಾದುಹೋಯಿತು. ಅಲ್ಲಿ ಇಂಗಾಲದ ಸಂಯುಕ್ತಗಳು ದೊರೆತವು, ಜಲಜನಕವೂ ದೊರೆಯಿತು. ಅದು ಕಳುಹಿಸಿದ್ದ ಮಾಹಿತಿಯಲ್ಲಿ ರಂಜಕದ ಲವಣಗಳೂ ಇದ್ದುದು ೨೦೨೩ರಲ್ಲಿ ತಿಳಿದುಬಂದಿತು. ನಮ್ಮ ಸಾಗರತಳದಲ್ಲಿ, ಬಿಸಿಲು ಎಂದೂ ಮುಟ್ಟದ ಬಿಸಿನೀರಿನ ಬುಗ್ಗೆಗಳ ಬಳಿ, ಜಲಜನಕದಿಂದಲೇ ಶಕ್ತಿ ಪಡೆದು ಬದುಕುವ ಸೂಕ್ಷ್ಮಜೀವಿಗಳಿವೆ. ಅಂಥವು ಅಲ್ಲಿಯೂ ಇರಬಹುದು. ಇವೆಯೆನ್ನಲು ಇದುವರೆಗೆ ಪ್ರಮಾಣವಿಲ್ಲ. ಮನೆಯಲ್ಲಿ ಸಾಮಗ್ರಿಯೆಲ್ಲ ಇದೆ. ವಾಸಿಸುವವರು ಇದ್ದಾರೆಯೇ ಎಂಬುದು ತಿಳಿಯದು.

ಇರುವುದೋ ಇಲ್ಲವೋ ತಿಳಿಯದ ಜೀವಕ್ಕಾಗಿ ಇಷ್ಟು ಎಚ್ಚರವೇಕೆಂದು ಕೇಳುವವರಿಗೆ ನಮ್ಮ ಜನ್ನನ ‘ಯಶೋಧರ ಚರಿತೆ’ಯನ್ನು ನೆನಪಿಸಬೇಕೆನಿಸುತ್ತದೆ. ಹದಿಮೂರನೆಯ ಶತಮಾನದ ಆರಂಭದ ಆ ಕಾವ್ಯದಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು, ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಹಿಟ್ಟಿಗೆ ಜೀವವೆಲ್ಲಿಯದು? ಆದರೂ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಅದರ ಫಲವನ್ನು ಉಣ್ಣುತ್ತಾರೆ. ಏಕೆಂದರೆ ಕತ್ತಿಗಿಂತ ಮೊದಲು ಕೊಲ್ಲುವುದು ಸಂಕಲ್ಪ. ಹಿಂಸೆ ಸಂಕಲ್ಪದಲ್ಲಿಯೇ ಹುಟ್ಟುವುದಾದರೆ ಅಹಿಂಸೆಯೂ ಅಲ್ಲಿಯೇ ಹುಟ್ಟಬೇಕು. ಜೀವ ಕಣ್ಣಿಗೆ ಕಂಡ ಮೇಲೆ ತೋರುವ ದಯೆಗಿಂತ, ಕಾಣುವ ಮೊದಲೇ ಹಿಡಿಯುವ ಕೈ ಹಿರಿದು.

ವಿಜ್ಞಾನಿಗಳ ಉದ್ದೇಶ ಶುದ್ಧ ದಯೆಯೇ ಎಂದರೆ ಅತಿಶಯೋಕ್ತಿಯಾದೀತು. ೧೯೬೭ರ ಬಾಹ್ಯಾಕಾಶ ಒಪ್ಪಂದ ಅನ್ಯಲೋಕಗಳನ್ನು ಹಾನಿಕರವಾಗಿ ಮಲಿನಗೊಳಿಸಬಾರದೆಂದು ವಿಧಿಸುತ್ತದೆ. ಅದರ ಹಿಂದೆ ಜ್ಞಾನದ ಸ್ವಾರ್ಥವೂ ಇದೆ: ನಾವೇ ಒಯ್ದ ಕ್ರಿಮಿಯನ್ನು ನಾಳೆ ನಾವೇ ‘ಕಂಡುಹಿಡಿದರೆ’ ನಗೆಪಾಟಲಾಗದೆ? ಆದರೆ ನೀತಿಯ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಆ ಜೀವಿಯನ್ನು ಪರೀಕ್ಷಿಸಿ ಮುಗಿಸಿದ ಮೇಲೆ, ನಮಗೆ ಅದರಿಂದ ಉಪಯೋಗವಿಲ್ಲವೆಂದಾದ ಮೇಲೆ, ಅದಕ್ಕೆ ತನ್ನ ಪಾಡಿಗೆ ತಾನಿರುವ ಹಕ್ಕು ಉಂಟೋ ಇಲ್ಲವೋ? ಉಂಟೆನ್ನುವ ಧೈರ್ಯ ನಮಗಿದೆಯೇ?

ಧರ್ಮಗಳಿಗೂ ಇದೇ ಒರೆಗಲ್ಲು. ಲೋಕಗಳು ಅನಂತವೆಂದು ಸಾರಿದ ಬ್ರೂನೊನನ್ನು ೧೬೦೦ರಲ್ಲಿ ರೋಮಿನಲ್ಲಿ ಸುಟ್ಟರು. ಅವನ ಮೇಲಿನ ಆರೋಪಗಳಲ್ಲಿ ಈ ವಾದವೂ ಒಂದು. ಅದೇ ಚರ್ಚಿನ ವ್ಯಾಟಿಕನ್ ವೀಕ್ಷಣಾಲಯದ ಅಂದಿನ ನಿರ್ದೇಶಕ ಫೂನೆಸ್, ಅನ್ಯಲೋಕದ ಜೀವ ದೈವಶ್ರದ್ಧೆಗೆ ವಿರುದ್ಧವಲ್ಲವೆಂದು ೨೦೦೮ರಲ್ಲಿ ನುಡಿದರು. ನಡುವೆ ನಾಲ್ಕು ಶತಮಾನಗಳು ಕಳೆದವು. ನಮ್ಮವರೋ, ಹದಿನಾಲ್ಕು ಲೋಕಗಳನ್ನು ನಮ್ಮ ಪುರಾಣ ಎಂದೋ ಹೇಳಿದೆಯೆಂದು ಹೆಮ್ಮೆಪಡುವುದುಂಟು. ಆದರೆ ದೇವದಾನವರಿಗೆ ಕೈಮುಗಿಯುವುದು ಸುಲಭ. ಮುಖವಿಲ್ಲದ, ಮಾತಿಲ್ಲದ, ಹಿಮದಡಿಯ ಒಂದು ಕಣವನ್ನು ಜೀವಬಂಧುವೆಂದು ಒಪ್ಪುವುದು ಕಷ್ಟ. ಅದರ ಹುಟ್ಟು ನಮ್ಮ ಹುಟ್ಟಿನಿಂದ ಬೇರೆಯಾಗಿದ್ದರಂತೂ, ಸೃಷ್ಟಿಯೆಲ್ಲ ಮನುಷ್ಯನಿಗಾಗಿಯೇ ಎಂಬ ಭ್ರಮೆ ಅಂದೇ ಕಳಚಬೇಕು.

ಅಂಥ ಜೀವ ನಮ್ಮ ಆಯುಷ್ಯದಲ್ಲಿ ದೊರೆಯಲಿ, ದೊರೆಯದಿರಲಿ. ನಮ್ಮ ಪರೀಕ್ಷೆಯಂತೂ ಆಗಲೇ ಆರಂಭವಾಗಿದೆ. ಶನಿಯ ಮೋಡಗಳಲ್ಲಿ ಉರಿದ ಆ ನೌಕೆಯಲ್ಲಿ ನಾವು ಒಮ್ಮೆಯಾದರೂ ತೇರ್ಗಡೆಯಾದೆವೆಂದು ತೋರುತ್ತದೆ. ಆದರೆ ಕಣ್ಣಿಗೆ ಕಾಣುವ, ಕೂಗು ಕೇಳಿಸುವ ಜೀವಗಳು ನಮ್ಮ ಹೊಸ್ತಿಲಲ್ಲಿಯೇ ಇವೆ. ದೂರದ ಆ ಚಂದ್ರನಿಗೆ ತೋರಿದ ಸಂಯಮವನ್ನು ಇವುಗಳಿಗೂ ತೋರುವೆವೇ?