ಲ್ಯಾಬ್ ಬಂತು, ನಡೆಸುವವರು ಯಾರು?

2025ರ ಫೆಬ್ರುವರಿಯ ಕೇಂದ್ರ ಬಜೆಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಆದಾಯ ತೆರಿಗೆ ವಿನಾಯಿತಿ. ಅದೇ ಭಾಷಣದಲ್ಲಿ ಇನ್ನೊಂದು ಘೋಷಣೆಯೂ ಇತ್ತು. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50 ಸಾವಿರ ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ತೆರೆಯುವುದಾಗಿ ಸರ್ಕಾರ ಹೇಳಿತು. ಡಿಪ್ಲೊಮಾ, ಎಂಜಿನಿಯರಿಂಗ್, ಬಿ.ಎಸ್‌ಸಿ., ಬಿ.ಇಡಿ. ಮುಗಿಸಿ ಕೆಲಸಕ್ಕೆ ಅಲೆಯುತ್ತಿರುವ ನಮ್ಮಂಥವರು ಈ ಸಂಖ್ಯೆಯ ಬಗ್ಗೆ ಸ್ವಲ್ಪ ಯೋಚಿಸಬೇಕು. ಅಷ್ಟೂ ಲ್ಯಾಬ್‌ಗಳಿಗೆ ಬೇಕಾದ ಯಂತ್ರಗಳನ್ನು ಟೆಂಡರ್ ಕರೆದು ಕೊಳ್ಳಬಹುದು. ನಡೆಸುವವರನ್ನು ಎಲ್ಲಿಂದ ತರುವುದು?

ಟಿಂಕರಿಂಗ್ ಲ್ಯಾಬ್ ಹೊಸದೇನಲ್ಲ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಲ್ಲಿ ಇದನ್ನು ಆರಂಭಿಸಿತು. 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಇದುವರೆಗೆ ಸುಮಾರು 10 ಸಾವಿರ ಶಾಲೆಗಳಲ್ಲಿ ಇಂಥ ಲ್ಯಾಬ್‌ಗಳು ಬಂದಿವೆ. ತ್ರೀಡಿ ಪ್ರಿಂಟರ್, ಸೆನ್ಸರ್‌ಗಳು, ರೊಬೊಟಿಕ್ಸ್ ಕಿಟ್, ಬೆಸುಗೆ ಹಾಕುವ ಸಲಕರಣೆ, ಡ್ರಿಲ್, ಗರಗಸ ಎಲ್ಲವೂ ಅಲ್ಲಿರುತ್ತವೆ. ನಮ್ಮ ಶಾಲೆಗಳ ಗೋಡೆಗಳ ಮೇಲೆ ಬರೆದಿರುವ ‘ನೋಡಿ ಕಲಿ, ಮಾಡಿ ತಿಳಿ’ ಎಂಬ ಮಾತನ್ನು ನಿಜ ಮಾಡುವ ಕೋಣೆ ಅದು. ಹೊಲದ ಮೋಟರ್ ಕರೆಂಟ್ ಬಂದಾಗ ತಾನೇ ಆನ್ ಆಗುವಂತೆ ಮಾಡುವುದು ಹೇಗೆ, ಕಣ್ಣು ಕಾಣದ ಅಜ್ಜಿಯ ಊರುಗೋಲಿಗೆ ಎಚ್ಚರಿಕೆಯ ಗಂಟೆ ಕೂರಿಸಬಹುದೇ ಎಂದು ಮಕ್ಕಳೇ ಪ್ರಶ್ನೆ ಹಾಕಿಕೊಂಡು, ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯಬೇಕು. ಇದನ್ನೇ ಜಗತ್ತಿನ ಬೇರೆ ಕಡೆ ‘ಮೇಕರ್ ಶಿಕ್ಷಣ’ ಎನ್ನುತ್ತಾರೆ.

ಆದರೆ ಶಾಲೆಯಲ್ಲಿ ಲ್ಯಾಬಿನ ಹೊಣೆ ಬೀಳುವುದು ಸಾಮಾನ್ಯವಾಗಿ ವಿಜ್ಞಾನ ಶಿಕ್ಷಕರ ಮೇಲೆ. ಅವರಿಗೆ ಪಾಠ ಮುಗಿಸಬೇಕು, ಎಸ್ಸೆಸ್ಸೆಲ್ಸಿ ಫಲಿತಾಂಶ ಕಾಯಬೇಕು, ಆನ್‌ಲೈನ್ ಮಾಹಿತಿ ತುಂಬಬೇಕು, ಚುನಾವಣೆ ಬಂದರೆ ಅದಕ್ಕೂ ಹೋಗಬೇಕು. ಇದರ ಜೊತೆಗೆ ಸ್ಟಾಕ್ ರಿಜಿಸ್ಟರ್‌ನ ಭಯ ಬೇರೆ. ಸಾಮಾನು ಮುರಿದರೆ ಲೆಕ್ಕ ಕೊಡಬೇಕಾದವರು ಮಕ್ಕಳ ಕೈಗೆ ಅದನ್ನು ಕೊಡಲು ಹಿಂಜರಿಯುವುದು ಸಹಜ. ಹೀಗಾದಾಗ ಪ್ರಿಂಟರ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಅಧಿಕಾರಿಗಳು ಬಂದ ದಿನ ಮಾತ್ರ ಲ್ಯಾಬ್ ತೆರೆಯುತ್ತದೆ. ತಪ್ಪು ಆ ಶಿಕ್ಷಕರದ್ದಲ್ಲ. ಪೂರ್ತಿ ಒಬ್ಬರ ಕೆಲಸವನ್ನು ಯಾರದೋ ಬಿಡುವಿನ ಕೆಲಸ ಎಂದುಕೊಂಡದ್ದೇ ತಪ್ಪು.

ಒಂದು ವರ್ಷಕ್ಕೆ ಬರುವ ಮನುಷ್ಯ

ಈ ಪ್ರಶ್ನೆಗೆ ಅಮೆರಿಕದಲ್ಲಿ ಸಿಕ್ಕ ಒಂದು ಉತ್ತರ ಗಮನಿಸುವಂತಿದೆ. ಅಲ್ಲಿ ‘ಮೇಕ್’ ಪತ್ರಿಕೆ ಶುರುವಾದದ್ದು 2005ರಲ್ಲಿ, ಮೊದಲ ‘ಮೇಕರ್ ಫೇರ್’ ನಡೆದದ್ದು 2006ರಲ್ಲಿ. ಇವುಗಳ ಹಿಂದಿದ್ದವರು ಡೇಲ್ ಡೋಹರ್ಟಿ. ಆದರೆ ಮನೆಯಲ್ಲಿ ಗ್ಯಾರೇಜು, ಜೇಬಿನಲ್ಲಿ ದುಡ್ಡು ಇದ್ದವರ ಹವ್ಯಾಸವಾಗಿಯೇ ಇದು ಉಳಿದುಬಿಡುವ ಅಪಾಯವಿತ್ತು. ಎಲ್ಲ ಮಕ್ಕಳಿಗೂ ಇದನ್ನು ತಲುಪಿಸಬೇಕೆಂದು 2012ರಲ್ಲಿ ‘ಮೇಕರ್ ಎಡ್’ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಬಡ ಬಡಾವಣೆಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಅದು ಸಲಕರಣೆಯ ಬದಲು ಮನುಷ್ಯರನ್ನು ಒದಗಿಸುವ ದಾರಿಯನ್ನೂ ಹಿಡಿಯಿತು. ಅದಕ್ಕೆ ಬಳಸಿಕೊಂಡದ್ದು ‘ವಿಸ್ಟಾ’ ಎಂಬ ಸರ್ಕಾರಿ ಯೋಜನೆಯನ್ನು.

ವಿಸ್ಟಾ ಆರಂಭವಾದದ್ದು 1965ರಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಸಾರಿದ ಸಮರದ ಭಾಗವಾಗಿ. 1993ರಲ್ಲಿ ಅದು ‘ಅಮೆರಿಕಾರ್ಪ್ಸ್’ನೊಳಗೆ ಸೇರಿತು. ಯುವಕ ಯುವತಿಯರು ಒಂದು ವರ್ಷ ಪೂರ್ಣಾವಧಿ ಒಂದು ಸಂಸ್ಥೆಯಲ್ಲಿದ್ದು ಕೆಲಸ ಮಾಡುತ್ತಾರೆ. ಊಟ, ವಸತಿಗೆ ಸಾಕಾಗುವಷ್ಟು ಭತ್ಯೆ ಸಿಗುತ್ತದೆ. ವರ್ಷ ಮುಗಿದ ಮೇಲೆ ಓದಿಗೆ ಬಳಸಬಹುದಾದ ಮೊತ್ತವನ್ನೋ ಸಣ್ಣ ನಗದನ್ನೋ ಪಡೆಯಬಹುದು.

ಇದರ ಮುಖ್ಯ ನಿಯಮವೊಂದಿದೆ. ವಿಸ್ಟಾ ಸದಸ್ಯರು ಬೋರ್ಡಿನ ಮುಂದೆ ನಿಂತು ಪಾಠ ಮಾಡಲು ಬರುವುದಿಲ್ಲ. ಅವರ ಕೆಲಸ ಸಂಸ್ಥೆಯ ಶಕ್ತಿ ಬೆಳೆಸುವುದು. ಸ್ವಯಂಸೇವಕರನ್ನು ಹುಡುಕುವುದು, ದಾನಿಗಳನ್ನು ಒಪ್ಪಿಸುವುದು, ಅರ್ಜಿ ಬರೆಯುವುದು, ಶಿಕ್ಷಕರ ತರಬೇತಿ ಏರ್ಪಡಿಸುವುದು, ವೇಳಾಪಟ್ಟಿ ಕೂಡಿಸುವುದು, ಯಾವುದು ನಡೆಯಿತು ಯಾವುದು ನಡೆಯಲಿಲ್ಲ ಎಂದು ಬರೆದಿಡುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರು ಕಾರ್ಯಕ್ರಮ ಸಂಯೋಜಕರು. ತಾವು ಹೋದ ಮೇಲೂ ಕೆಲಸ ನಿಲ್ಲಬಾರದು, ಅಷ್ಟನ್ನು ಕಟ್ಟಿಕೊಟ್ಟು ಹೋಗುವುದು ಅವರ ಗುರಿ.

ಈ ಯೋಜನೆಗೆ ಟೀಕೆಯೂ ಇದೆ. ಭತ್ಯೆ ಎಷ್ಟು ಕಡಿಮೆಯೆಂದರೆ, ಮನೆಯವರ ಆಸರೆ ಇರುವವರಿಗೆ ಮಾತ್ರ ಇದು ಸುಲಭ ಎನ್ನುತ್ತಾರೆ. ಬಡವರ ಮಕ್ಕಳಿಗಾಗಿ ಮಾಡುವ ಕೆಲಸಕ್ಕೆ ಬಡವರ ಮಕ್ಕಳೇ ಸೇರಲಾಗದಿದ್ದರೆ ಹೇಗೆ? ನಮ್ಮಲ್ಲೂ ಇಂಥದ್ದನ್ನು ರೂಪಿಸುವವರು ಈ ಮಾತನ್ನು ಮೊದಲೇ ಕಿವಿಗೆ ಹಾಕಿಕೊಳ್ಳಬೇಕು.

ಪಾಬಳ ಹೇಳುವ ಪಾಠ

ಹತ್ತಿರದಲ್ಲೇ ಒಂದು ಉದಾಹರಣೆ ಇದೆ. ಡಾ. ಎಸ್.ಎಸ್. ಕಲಬಾಗ್ ಹಿಂದುಸ್ತಾನ್ ಲಿವರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದ ವಿಜ್ಞಾನಿ. ಆ ಕೆಲಸ ಬಿಟ್ಟು 1983ರಲ್ಲಿ ಪುಣೆ ಜಿಲ್ಲೆಯ ಪಾಬಳ ಎಂಬ ಬರಪೀಡಿತ ಹಳ್ಳಿಯಲ್ಲಿ ‘ವಿಜ್ಞಾನ ಆಶ್ರಮ’ ಕಟ್ಟಿದರು. ಅಮೆರಿಕದ ಎಂಐಟಿ ತನ್ನ ‘ಫ್ಯಾಬ್ ಲ್ಯಾಬ್’ ಅನ್ನು ಹೊರಗೆ ಮೊದಲು ಆರಂಭಿಸಿದ ಸ್ಥಳಗಳಲ್ಲಿ ಈ ಹಳ್ಳಿಯೂ ಒಂದು. ಅದು 2002ರ ಮಾತು.

ಆದರೆ ಪಾಬಳದ ನಿಜವಾದ ಸಾಧನೆ ಆ ಯಂತ್ರಗಳಲ್ಲ. ಅವರು ಪ್ರೌಢಶಾಲೆಗಳಿಗಾಗಿ ಮೂಲ ತಂತ್ರಜ್ಞಾನದ ಪಾಠಕ್ರಮವೊಂದನ್ನು ರೂಪಿಸಿದರು. ವಾರಕ್ಕೆ ಒಂದು ದಿನ ಮಕ್ಕಳು ವರ್ಕ್‌ಶಾಪ್ ಕೆಲಸ, ವಿದ್ಯುತ್ ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಮನೆ ಮತ್ತು ಆರೋಗ್ಯ ಎಂಬ ನಾಲ್ಕು ವಿಭಾಗಗಳಲ್ಲಿ ಕೈಯಾರೆ ಕೆಲಸ ಕಲಿಯುತ್ತಾರೆ. ಕಲಿಸುವವರು ಊರಿನವರೇ. ವೆಲ್ಡಿಂಗ್ ಗೊತ್ತಿರುವವರು, ವೈರಿಂಗ್ ಮಾಡುವವರು, ಕೃಷಿ ಬಲ್ಲವರು ಶಾಲೆಗೆ ಬೋಧಕರಾಗಿ ಬರುತ್ತಾರೆ. ಮಕ್ಕಳು ಊರಿನವರಿಗೆ ಬೇಕಾದ ಕೆಲಸ ಮಾಡಿಕೊಟ್ಟು ಅದರಿಂದ ಬಂದ ಹಣವನ್ನು ಸಾಮಾನು ಕೊಳ್ಳಲು ಬಳಸುತ್ತಾರೆ. ಕಲಬಾಗ್ 2003ರಲ್ಲಿ ತೀರಿಕೊಂಡರು. ಆಶ್ರಮ ಇಂದಿಗೂ ನಡೆಯುತ್ತಿದೆ.

ಬೆಂಗಳೂರಿನಲ್ಲಿ ಕಚೇರಿ ಇರುವ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಷನ್ 1999ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೈಯಾರೆ ವಿಜ್ಞಾನ ಕಲಿಸುತ್ತಿದೆ. ಅದರ ವ್ಯಾನ್‌ಗಳು ನಮ್ಮ ಹಳ್ಳಿಗಳಿಗೂ ಬರುತ್ತವೆ. ಅದೂ ಮಕ್ಕಳನ್ನೇ ಬೋಧಕರನ್ನಾಗಿ ತಯಾರು ಮಾಡಿ, ಅವರಿಂದ ಉಳಿದ ಮಕ್ಕಳಿಗೆ ಕಲಿಸುವ ಪದ್ಧತಿ ಇಟ್ಟುಕೊಂಡಿದೆ. ವ್ಯಾನ್ ಮುಂದಿನ ಊರಿಗೆ ಹೋದ ಮೇಲೂ ಕಲಿಸುವವರು ಊರಲ್ಲಿ ಉಳಿಯುತ್ತಾರೆ.

ಲೆಕ್ಕ ಹಾಕಿದರೆ

ಇಷ್ಟೆಲ್ಲ ಸರಿ, ಸಂಯೋಜಕರಿಗೆ ಸಂಬಳ ಯಾರು ಕೊಡಬೇಕು? ಇದುವರೆಗಿನ ನಿಯಮದಂತೆ ಒಂದು ಟಿಂಕರಿಂಗ್ ಲ್ಯಾಬಿಗೆ ಸಿಗುವ ಅನುದಾನ 20 ಲಕ್ಷ ರೂಪಾಯಿವರೆಗೆ. ಅದರಲ್ಲಿ 10 ಲಕ್ಷ ಲ್ಯಾಬ್ ಕಟ್ಟಲು, 10 ಲಕ್ಷ ಗರಿಷ್ಠ ಐದು ವರ್ಷ ನಡೆಸಲು. ನಡೆಸುವ ಹಣವೆಂದರೆ ವರ್ಷಕ್ಕೆ 2 ಲಕ್ಷ, ತಿಂಗಳಿಗೆ 17 ಸಾವಿರಕ್ಕಿಂತ ಕಡಿಮೆ. ಅಷ್ಟನ್ನೂ ಸಂಬಳಕ್ಕೇ ಹಾಕಿದರೆ ತಂತಿ, ಬ್ಯಾಟರಿ, ಪ್ರಿಂಟರಿನ ಪ್ಲಾಸ್ಟಿಕ್ ಸುರುಳಿಗೆ ಬಿಡಿಗಾಸೂ ಉಳಿಯುವುದಿಲ್ಲ.

ಹಾಗಾಗಿ ಶಾಲೆಗೊಬ್ಬರು ಎನ್ನುವುದು ಆಗದ ಮಾತು. ಒಂದು ಹೋಬಳಿಯ ಐದಾರು ಶಾಲೆಗಳು ಸೇರಿ ಒಬ್ಬ ಸಂಯೋಜಕರನ್ನು ಇಟ್ಟುಕೊಳ್ಳುವುದು ಆಗುವ ಮಾತು. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಶಾಲೆಗಳು ಆ ಕಂಪನಿಗಳ ಬಳಿ ಕಂಪ್ಯೂಟರ್, ಬೆಂಚು ಕೇಳುತ್ತವೆ. ಎರಡು ವರ್ಷ ಒಬ್ಬ ಮನುಷ್ಯನ ಸಂಬಳವನ್ನೂ ಕೇಳಬಹುದಲ್ಲ? ಬೆಂಚಿನ ಮೇಲೆ ದಾನಿಯ ಹೆಸರು ಬರೆಯಬಹುದು, ಮನುಷ್ಯನ ಮೇಲೆ ಬರೆಯಲಾಗುವುದಿಲ್ಲ. ಅದಕ್ಕೇ ಇದನ್ನು ಒಪ್ಪಿಸುವುದು ಸ್ವಲ್ಪ ಕಷ್ಟ. ಕಷ್ಟವಾದರೂ ಕೇಳಲೇಬೇಕು.

ಹಣ ಸಿಕ್ಕರೂ ಬರುವವರಿಗೆ ಜಾಗ ಮಾಡಿಕೊಡುವ ಕೆಲಸ ಶಾಲೆಯದ್ದೇ. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ ಇರಬೇಕು. ಬೀಗದ ಕೈ ಅವರ ಬಳಿಯೂ ಇರಬೇಕು. ಸಣ್ಣಪುಟ್ಟ ಖರ್ಚಿಗೆ ಕೈಯಲ್ಲಿ ಸ್ವಲ್ಪ ಹಣವಿರಬೇಕು. ಬಳಸಿ ಹಾಳಾದ ಸಾಮಾನಿಗೆ ಯಾರೂ ತಮ್ಮ ಕೈಯಿಂದ ದುಡ್ಡು ಕಟ್ಟಬೇಕಿಲ್ಲ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಬರೆದು ಒಪ್ಪಿಕೊಳ್ಳಬೇಕು. ಹುಡುಗಿಯರು ಈ ಕೆಲಸಕ್ಕೆ ಬರಬೇಕಾದರೆ ಊರಲ್ಲಿ ಸುರಕ್ಷಿತ ಬಾಡಿಗೆ ಕೋಣೆ ಅಥವಾ ಸಂಜೆಯ ಬಸ್ಸು ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರನ್ನು ಖಾಲಿ ತರಗತಿಗೆ ಕಳುಹಿಸುವ ಅತಿಥಿ ಶಿಕ್ಷಕರಂತೆ ಬಳಸಬಾರದು. ಒಮ್ಮೆ ಹಾಗೆ ಶುರುವಾದರೆ ವರ್ಷವಿಡೀ ಅದೇ ನಡೆಯುತ್ತದೆ.

ನಾವು ಮಾಡಬಹುದಾದದ್ದು

ಇಂಥ ಕೆಲಸದ ರುಚಿ ನೋಡಲು ಈಗಲೇ ಕೆಲವು ದಾರಿಗಳಿವೆ. ಎಸ್‌ಬಿಐ ಯೂತ್ ಫಾರ್ ಇಂಡಿಯಾ ಫೆಲೋಶಿಪ್‌ನಲ್ಲಿ 13 ತಿಂಗಳು ಗ್ರಾಮೀಣ ಸಂಸ್ಥೆಯೊಂದರ ಜೊತೆ ಕೆಲಸ ಮಾಡಬಹುದು. ಗಾಂಧಿ ಫೆಲೋಶಿಪ್ ಎರಡು ವರ್ಷದ್ದು. ಈಗಾಗಲೇ ಕೆಲಸದಲ್ಲಿರುವವರು ನೀತಿ ಆಯೋಗದ ‘ಮೆಂಟರ್ ಆಫ್ ಚೇಂಜ್’ ಆಗಿ ವಾರಕ್ಕೆ ಒಂದೆರಡು ಗಂಟೆ ಟಿಂಕರಿಂಗ್ ಲ್ಯಾಬಿಗೆ ಕೊಡಬಹುದು. ಇದಕ್ಕೆ ಸಂಬಳವಿಲ್ಲ.

ಸೇರುವ ಮೊದಲು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ತಿಂಗಳ ಭತ್ಯೆಯಲ್ಲಿ ಬಾಡಿಗೆ, ಓಡಾಟ ಕಳೆದರೆ ಎಷ್ಟು ಉಳಿಯುತ್ತದೆ? ನಾನು ಯಾರಿಗೆ ವರದಿ ಮಾಡಬೇಕು? ನನಗಿಂತ ಮೊದಲು ಇದ್ದವರು ಏನು ಬಿಟ್ಟು ಹೋಗಿದ್ದಾರೆ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಿಂದಲೇ ಆ ಸಂಸ್ಥೆ ಎಂಥದ್ದೆಂದು ತಿಳಿಯುತ್ತದೆ.

ಈ ಕೆಲಸಕ್ಕೆ ಕೋಡಿಂಗ್ ಪಾಂಡಿತ್ಯವೇ ಬೇಕೆಂದಿಲ್ಲ. ಊರಿನ ಬಡಗಿಯನ್ನು, ಮೊಬೈಲ್ ರಿಪೇರಿ ಅಂಗಡಿಯವರನ್ನು ತಿಂಗಳಿಗೊಂದು ಶನಿವಾರ ಶಾಲೆಗೆ ಕರೆತರುವ ಮಾತಿನ ಬಲ ಬೇಕು. ಮುಖ್ಯ ಶಿಕ್ಷಕರ ಕಷ್ಟ ಅರ್ಥವಾಗಬೇಕು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎಂಟನೆಯವರಿಗೆ ಬೆಸುಗೆ ಹಾಕುವುದನ್ನು ಹೇಳಿಕೊಡುವಾಗ ನಡುವೆ ಬಾಯಿ ಹಾಕದೆ ಸುಮ್ಮನಿರುವ ತಾಳ್ಮೆ ಬೇಕು. ಮುಂದೆ ಯಾವ ಕಂಪನಿಯ ಸಂದರ್ಶನಕ್ಕೆ ಹೋದರೂ, ಐದು ಶಾಲೆಗಳಲ್ಲಿ ಒಂದು ವ್ಯವಸ್ಥೆ ಕಟ್ಟಿ ಬಂದಿದ್ದೇನೆ ಎಂದು ಹೇಳುವುದು ಸಣ್ಣ ಮಾತಲ್ಲ.

ನೀವು ಓದಿದ ಶಾಲೆಗೆ ಈ ತಿಂಗಳು ಒಮ್ಮೆ ಹೋಗಿ ಬನ್ನಿ. ಲ್ಯಾಬ್ ಇದ್ದರೆ ವಾರಕ್ಕೆ ಎಷ್ಟು ದಿನ ತೆರೆಯುತ್ತದೆ ಎಂದು ಕೇಳಿ. ಇಲ್ಲದಿದ್ದರೆ, ಬಂದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಮುಖ್ಯ ಶಿಕ್ಷಕರ ಬಳಿ ಉತ್ತರವಿಲ್ಲದಿದ್ದರೆ ಕುಳಿತು ಮಾತಾಡಿ. ಕೆಲಸ ಅಲ್ಲಿಂದಲೇ ಶುರು.