ಅಣಬೆಯ ಅಮಲು ಮತ್ತು ಮನಸ್ಸಿನ ಉಬ್ಬರವಿಳಿತ

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಅಣಬೆಯ ಮಾತು ಶುರುವಾಗುತ್ತದೆ. ಹುತ್ತದ ಬಳಿ ಎದ್ದದ್ದು ಯಾವುದು, ಸಾರಿಗೆ ಆಗುವುದು ಯಾವುದು, ಕೈಯಲ್ಲೂ ಮುಟ್ಟಬಾರದ್ದು ಯಾವುದು ಎಂಬುದು ಹಿರಿಯರಿಗೆ ಗೊತ್ತು. ಆದರೆ ಈಚಿನ ವರ್ಷಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರ ಮಾತಿನಲ್ಲಿ ಸುಳಿಯುತ್ತಿರುವುದು ಬೇರೆಯೇ ಅಣಬೆ. ಅದನ್ನು 'ಮ್ಯಾಜಿಕ್ ಮಶ್ರೂಮ್' ಎನ್ನುತ್ತಾರೆ. ಕೊಡೈಕೆನಾಲಿಗೆ ಪ್ರವಾಸ ಹೋಗಿ ಬಂದವರು ಅದರ ಸುದ್ದಿ ತರುತ್ತಾರೆ. ಜೊತೆಗೆ ಇನ್ನೊಂದು ಮಾತೂ ಬರುತ್ತದೆ: 'ಇದು ಖಿನ್ನತೆಗೆ ಔಷಧವಂತೆ, ವಿದೇಶದ ವಿಜ್ಞಾನಿಗಳೇ ಹೇಳಿದ್ದಾರಂತೆ.'

ಈ 'ಅಂತೆ'ಯಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಿಳಿಯದೆ ಹೋದರೆ ಕೆಲವರ ಪಾಲಿಗೆ ಅದು ಆಸ್ಪತ್ರೆಯ ದಾರಿಯಾಗಬಹುದು. ಆ ಕೆಲವರು ಯಾರು ಎಂಬುದೇ ಈ ಲೇಖನದ ವಿಷಯ.

ಮೊದಲು ಅಣಬೆಯ ಕಥೆಯನ್ನು ನೋಡೋಣ. ಮೆಕ್ಸಿಕೋ ದೇಶದ ಓಹಾಕಾ ಪ್ರಾಂತದ ಗುಡ್ಡಗಾಡಿನಲ್ಲಿ ಮಸಾಟೆಕ್ ಎಂಬ ಮೂಲನಿವಾಸಿ ಜನರಿದ್ದಾರೆ. ರೋಗಿಯ ಕಾಯಿಲೆಗೆ ಕಾರಣ ಕಂಡುಹಿಡಿಯಲು ರಾತ್ರಿಯ ಪೂಜೆಯಲ್ಲಿ ಒಂದು ಜಾತಿಯ ಅಣಬೆ ಸೇವಿಸುವುದು ಅವರ ಹಳೆಯ ಪದ್ಧತಿ. 1955ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕದ ಬ್ಯಾಂಕ್ ಅಧಿಕಾರಿ ಮರಿಯಾ ಸಬೀನಾ ಎಂಬ ಅಲ್ಲಿನ ಮದ್ದುಗಾರ್ತಿಯ ಬಳಿ ಈ ಪೂಜೆಯಲ್ಲಿ ಪಾಲ್ಗೊಂಡರು. 1957ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಲೇಖನ ಓದಿದ ಜಗತ್ತು ಆ ಹಳ್ಳಿಗೆ ಮುಗಿಬಿತ್ತು. ಹಳ್ಳಿಯ ಗುಟ್ಟನ್ನು ಹೊರಗಿನವರಿಗೆ ಕೊಟ್ಟಳೆಂದು ಊರವರೇ ಸಬೀನಾಳನ್ನು ದೂರಿದರು, ಆಕೆಯ ಮನೆಯೂ ಸುಟ್ಟುಹೋಯಿತು. ಇದೇ ವಾಸನ್ ಮುಂದೆ 1968ರಲ್ಲಿ, ನಮ್ಮ ವೇದಗಳ ಸೋಮವೂ ಒಂದು ಅಣಬೆಯೇ ಎಂದು ಪುಸ್ತಕ ಬರೆದರು. ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಆದರೂ 'ನಮ್ಮ ಋಷಿಗಳೇ ಸೇವಿಸುತ್ತಿದ್ದರು' ಎಂದು ವಾದ ಮಾಡುವವರು ಇಂದಿಗೂ ಸಿಗುತ್ತಾರೆ!

ಅಣಬೆಯಲ್ಲಿರುವ ಸೈಲೊಸೈಬಿನ್ ಎಂಬ ರಾಸಾಯನಿಕವನ್ನು 1958ರಲ್ಲಿ ಬೇರ್ಪಡಿಸಿದವರು ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್. ಇವರೇ 1938ರಲ್ಲಿ ಎಲ್‌ಎಸ್‌ಡಿಯನ್ನು ಮೊದಲು ತಯಾರಿಸಿದವರು. ಸೈಲೊಸೈಬಿನ್ ದೇಹದೊಳಗೆ ಸೈಲೊಸಿನ್ ಆಗಿ ಬದಲಾಗಿ ಮಿದುಳನ್ನು ಸೇರುತ್ತದೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಸೈಲೊಸಿನ್ ರಚನೆಯಲ್ಲಿ ಅದನ್ನೇ ಹೋಲುವುದರಿಂದ, ಸೆರೊಟೋನಿನ್‌ಗೆಂದು ಇರುವ ಬೀಗಕ್ಕೆ ಕಳ್ಳ ಕೀಲಿಯಂತೆ ಹೊಂದಿಕೊಳ್ಳುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಬಣ್ಣಗಳು ಅಲುಗತೊಡಗುತ್ತವೆ, ಕಾಲದ ಅರಿವು ತಪ್ಪುತ್ತದೆ, 'ನಾನು' ಎಂಬ ಗಡಿಯೇ ಕರಗಿದಂತೆ ಅನಿಸುತ್ತದೆ. ಕೆಲವರಿಗೆ ಇದು ಆನಂದ, ಕೆಲವರಿಗೆ ಸಾವೇ ಎದುರು ನಿಂತಂಥ ಭಯ. ನಾಲ್ಕರಿಂದ ಆರು ಗಂಟೆಗಳ ಕಾಲ ಇದು ಇಳಿಯುವುದಿಲ್ಲ. ನಡುವೆ ಬೇಡವೆನಿಸಿದರೂ ನಿಲ್ಲಿಸಲು ಬಾರದು.

ಇನ್ನು ಕಾಯಿಲೆಯ ವಿಷಯ. ಬೇಸರ, ಸಂತೋಷ ಎಲ್ಲರಿಗೂ ಉಂಟು. ಬೈಪೋಲಾರ್ ಕಾಯಿಲೆ ಎಂದರೆ ಅದಲ್ಲ. ಇದರಲ್ಲಿ ಮನಸ್ಸು ಸಮುದ್ರದ ಉಬ್ಬರವಿಳಿತದಂತೆ ಎರಡು ತುದಿಗಳ ನಡುವೆ ಓಡಾಡುತ್ತದೆ. ಒಂದು ತುದಿ ಖಿನ್ನತೆ. ವಾರಗಟ್ಟಲೆ ಏಳಲಾಗದ, ತಿನ್ನಲಾಗದ, ಬದುಕೇ ಬೇಡವೆನಿಸುವ ಸ್ಥಿತಿ. ಇನ್ನೊಂದು ತುದಿ ಉನ್ಮಾದ, ವೈದ್ಯರ ಮಾತಿನಲ್ಲಿ ಮೇನಿಯಾ. ಆಗ ಎರಡು ಗಂಟೆ ಮಲಗಿದರೂ ದಣಿವಿಲ್ಲ. ಮಾತು ನಿಲ್ಲುವುದಿಲ್ಲ. ಯೋಚನೆಗಳು ಒಂದರ ಮೇಲೊಂದು ಹಾರುತ್ತವೆ. ಕೈಯಲ್ಲಿದ್ದ ಹಣ ಖಾಲಿಯಾಗುತ್ತದೆ. 'ನನಗೆ ವಿಶೇಷ ಶಕ್ತಿ ಬಂದಿದೆ' ಎಂಬ ನಂಬಿಕೆ ಹುಟ್ಟುವುದೂ ಉಂಟು. ಕಷ್ಟವೆಂದರೆ, ಉನ್ಮಾದದಲ್ಲಿರುವವನಿಗೆ ತಾನು ರೋಗಿ ಎಂದು ಅನಿಸುವುದೇ ಇಲ್ಲ. ಪೂರ್ಣ ಉನ್ಮಾದ ಬರುವುದನ್ನು ಮೊದಲನೇ ಬಗೆಯೆಂದೂ, ಸೌಮ್ಯ ಉನ್ಮಾದ ಮತ್ತು ತೀವ್ರ ಖಿನ್ನತೆ ಬರುವುದನ್ನು ಎರಡನೇ ಬಗೆಯೆಂದೂ ಕರೆಯುತ್ತಾರೆ.

ಇದು ಅಪರೂಪದ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 4 ಕೋಟಿ ಜನರಿಗೆ ಇದಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಜೀವಿತದಲ್ಲಿ ಎಂದಾದರೂ ಇದು ಬಂದವರ ಪ್ರಮಾಣ ಶೇಕಡಾ 0.5 ಎಂದು ಕಂಡುಬಂತು. ಎಂದರೆ ಇನ್ನೂರು ಜನರಲ್ಲಿ ಒಬ್ಬರು.

ಈಗ ಗಮನಿಸಬೇಕಾದ ಸಂಗತಿಗೆ ಬರೋಣ. ಈ ಕಾಯಿಲೆ ಹೆಚ್ಚಾಗಿ ತಲೆದೋರುವುದು ಹದಿನೇಳು ಹದಿನೆಂಟರಿಂದ ಇಪ್ಪತ್ತೈದರ ಒಳಗೆ. ಅನೇಕರಲ್ಲಿ ಮೊದಲು ಕಾಣುವುದು ಖಿನ್ನತೆ; ಉನ್ಮಾದ ಬರುವುದು ವರ್ಷಗಳ ನಂತರ. ಹಾಗಾಗಿ ಪದವಿ ತರಗತಿಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಎರಡು ತಿಂಗಳಿಂದ ಮಂಕಾಗಿದ್ದಾನೆ. ಅವನ ಸೋದರಮಾವನಿಗೆ ಹಿಂದೆ 'ತಲೆ ಕೆಟ್ಟಿತ್ತು' ಎಂದು ಮನೆಯಲ್ಲಿ ಪಿಸುಗುಡುತ್ತಾರೆಯೇ ಹೊರತು ಏನೆಂದು ಹೇಳುವುದಿಲ್ಲ. ಗೆಳೆಯನೊಬ್ಬ ಅಣಬೆ ತಂದು, 'ಖಿನ್ನತೆಗೆ ಇದೇ ಮದ್ದು' ಎನ್ನುತ್ತಾನೆ. ಆ ಹುಡುಗನದು ಬರೀ ಖಿನ್ನತೆಯೋ, ಬೈಪೋಲಾರ್ ಕಾಯಿಲೆಯ ಮೊದಲ ಇಳಿತವೋ? ಗೆಳೆಯನಿಗೆ ತಿಳಿಯದು, ಹುಡುಗನಿಗೂ ತಿಳಿಯದು. ಅನುಭವಸ್ಥ ವೈದ್ಯರಿಗೂ ಕೆಲವೊಮ್ಮೆ ಕಾದು ನೋಡಬೇಕಾಗುತ್ತದೆ.

ವೈದ್ಯರು ಬರೆದುಕೊಡುವ ಸಾಧಾರಣ ಖಿನ್ನತೆಯ ಮಾತ್ರೆಗಳೇ ಬೈಪೋಲಾರ್ ರೋಗಿಯನ್ನು ಕೆಲವೊಮ್ಮೆ ಖಿನ್ನತೆಯಿಂದ ನೇರ ಉನ್ಮಾದಕ್ಕೆ ಎತ್ತಿಹಾಕುತ್ತವೆ ಎಂಬುದು ಬಹುಕಾಲದಿಂದ ತಿಳಿದಿದೆ. ಅದೇ ಸೆರೊಟೋನಿನ್ ವ್ಯವಸ್ಥೆಯನ್ನು ಇನ್ನೂ ಜೋರಾಗಿ ಅಲುಗಿಸುವ ಅಣಬೆಯ ಬಗ್ಗೆ ಅಂಜಿಕೆ ಇರುವುದು ಸಹಜ. ಇದರ ಮೇಲೆ ನಿದ್ದೆಯ ಪ್ರಶ್ನೆ ಬೇರೆ. ಒಂದು ರಾತ್ರಿಯ ನಿದ್ದೆ ಕೆಟ್ಟರೂ ಸಾಕು, ಕೆಲವರಲ್ಲಿ ಉನ್ಮಾದ ಮೊಳೆಯುತ್ತದೆ. ಅಮಲಿನ ರಾತ್ರಿಯಲ್ಲಿ ನಿದ್ದೆ ಎಲ್ಲಿ?

ಹಾಗಾದರೆ ವಿದೇಶದ ವಿಜ್ಞಾನಿಗಳು ಹೇಳಿದ್ದು ಸುಳ್ಳೇ? ಅಲ್ಲ. 2016ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೇರೆ ಔಷಧಗಳಿಗೆ ಜಗ್ಗದ ಖಿನ್ನತೆಯ 12 ರೋಗಿಗಳಿಗೆ ಶುದ್ಧ ಸೈಲೊಸೈಬಿನ್ ಕೊಟ್ಟು ನೋಡಿದರು, ಹಲವರು ಚೇತರಿಸಿಕೊಂಡರು. 2022ರಲ್ಲಿ 233 ರೋಗಿಗಳ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಮೂರನೇ ವಾರದಲ್ಲಿ ಹೆಚ್ಚಿನ ಪ್ರಮಾಣ ಪಡೆದವರಿಗೆ ಸ್ಪಷ್ಟ ಲಾಭವಿತ್ತು. ಹನ್ನೆರಡು ವಾರಗಳವರೆಗೆ ಆ ಲಾಭ ಉಳಿದದ್ದು ಅವರಲ್ಲಿ ಐದರಲ್ಲಿ ಒಬ್ಬರಿಗೆ ಮಾತ್ರ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಇದನ್ನು ಹಠಮಾರಿ ಖಿನ್ನತೆಗೆ ಬರೆದುಕೊಡಬಹುದಾಗಿದೆ.

ಆದರೆ ಇಂಥ ಪರೀಕ್ಷೆಗಳಿಗೆ ಯಾರನ್ನು ಸೇರಿಸಿಕೊಂಡರು ಎಂಬುದನ್ನು ಸುದ್ದಿ ಹರಡುವವರು ಹೇಳುವುದಿಲ್ಲ. ಬೈಪೋಲಾರ್ ಕಾಯಿಲೆ ಇದ್ದವರನ್ನು, ಚಿತ್ತವಿಕಲತೆ ಬಂದವರನ್ನು, ಎಷ್ಟೋ ಕಡೆ ರಕ್ತಸಂಬಂಧಿಗಳಲ್ಲಿ ಇವು ಇದ್ದವರನ್ನೂ ಆರಂಭದಲ್ಲೇ ಹೊರಗಿಟ್ಟಿದ್ದರು. ಈಜು ಬಲ್ಲವರನ್ನಷ್ಟೇ ಕೆರೆಗಿಳಿಸಿ, 'ಇಲ್ಲಿ ಯಾರೂ ಮುಳುಗಿಲ್ಲ' ಎಂದು ಫಲಕ ನೆಟ್ಟ ಹಾಗೆ! ಫಲಕದಲ್ಲಿ ಬರೆದದ್ದು ಸುಳ್ಳಲ್ಲ, ಆದರೆ ಈಜು ಬಾರದವನು ಅದನ್ನು ನಂಬಿ ಇಳಿಯುವಂತಿಲ್ಲ.

ಬೈಪೋಲಾರ್ ಇದ್ದವರ ಮೇಲೆ ಅಧ್ಯಯನವೇ ಆಗಿಲ್ಲವೆಂದಲ್ಲ. 2022ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಈ ಕಾಯಿಲೆ ಇದ್ದೂ ಅಣಬೆ ಸೇವಿಸಿದ 541 ಮಂದಿಯನ್ನು ಪ್ರಶ್ನಿಸಿದರು. ಸುಮಾರು ಮೂರರಲ್ಲೊಬ್ಬರು ಉನ್ಮಾದ, ನಿದ್ರಾಹೀನತೆ, ಆತಂಕದಂಥ ಲಕ್ಷಣಗಳು ಹೊಸದಾಗಿ ಬಂದವು ಅಥವಾ ಹೆಚ್ಚಿದವು ಎಂದರು. ಉಳಿದವರಲ್ಲಿ ಉಪಯೋಗವಾಯಿತು ಎಂದವರೂ ಇದ್ದರು, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಇದು. 2023ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವೈದ್ಯರು ಎರಡನೇ ಬಗೆಯ ಬೈಪೋಲಾರ್ ಖಿನ್ನತೆ ಇದ್ದ 15 ಜನರಿಗೆ ಒಂದೇ ಸಲ ಸೈಲೊಸೈಬಿನ್ ಕೊಟ್ಟರು. ಹನ್ನೆರಡನೇ ವಾರದಲ್ಲಿ 12 ಜನರ ಖಿನ್ನತೆ ಇಳಿದಿತ್ತು, ಉನ್ಮಾದ ಕೆರಳಲಿಲ್ಲ. ಇದು ಆಸೆ ಹುಟ್ಟಿಸುವ ಸಂಗತಿ. ಆದರೆ 15 ಜನರು ಮಾತ್ರ, ಹೋಲಿಸಿ ನೋಡಲು ಬೇರೆ ಗುಂಪಿಲ್ಲ, ಮೊದಲನೇ ಬಗೆಯವರು ಒಬ್ಬರೂ ಇಲ್ಲ. ರೋಗಿಗಳ ಹಳೆಯ ಮಾತ್ರೆಗಳನ್ನು ವೈದ್ಯರೇ ನಿಲ್ಲಿಸಿ, ಪಕ್ಕದಲ್ಲೇ ಕುಳಿತು, ವಾರಗಟ್ಟಲೆ ಕಾದು ನೋಡಿದ ಪ್ರಯೋಗ ಅದು. ಲಾಡ್ಜಿನ ಕೋಣೆಯಲ್ಲಿ ಅಣಬೆ ತಿನ್ನುವುದಕ್ಕೆ ಅದನ್ನು ಸಾಕ್ಷಿಯಾಗಿ ತರಲಾಗದು.

ಮಾತ್ರೆಗಳ ವಿಷಯ ಬಂದಾಗ ಲಿಥಿಯಂ ಬಗ್ಗೆ ಹೇಳಲೇಬೇಕು. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್, ಈ ಸಾಧಾರಣ ಲವಣ ಉನ್ಮಾದವನ್ನು ಶಮನ ಮಾಡುತ್ತದೆ ಎಂದು ತೋರಿಸಿದರು. ಗಿನಿಯಿಲಿಗಳ ಮೇಲೆ ಪ್ರಯೋಗಿಸಿ, ತಾವೇ ಸೇವಿಸಿ ನೋಡಿ, ಬಳಿಕ ಹತ್ತು ಉನ್ಮಾದ ರೋಗಿಗಳಿಗೆ ಕೊಟ್ಟರು. ಇಂದಿಗೂ ಬೈಪೋಲಾರ್ ಕಾಯಿಲೆಯ ಮುಖ್ಯ ಔಷಧಗಳಲ್ಲಿ ಇದೊಂದು. ರಕ್ತದಲ್ಲಿ ಇದರ ಮಟ್ಟ ಕಡಿಮೆಯಾದರೆ ಪ್ರಯೋಜನವಿಲ್ಲ, ಹೆಚ್ಚಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಲಿಥಿಯಂ ಸೇವಿಸುತ್ತಿರುವಾಗ ಅಣಬೆ ಅಥವಾ ಎಲ್‌ಎಸ್‌ಡಿ ತೆಗೆದುಕೊಂಡವರು ತಾವೇ ಬರೆದಿಟ್ಟ 62 ಅನುಭವಗಳನ್ನು ಅಮೆರಿಕದ ಸಂಶೋಧಕರು 2021ರಲ್ಲಿ ಪರಿಶೀಲಿಸಿದರು. ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಫಿಟ್ಸ್ ಬಂದ ವಿವರವಿತ್ತು! ಇಂಥ ಬರಹಗಳಲ್ಲಿ ಕೆಟ್ಟ ಅನುಭವಗಳೇ ಹೆಚ್ಚಾಗಿ ಸೇರುತ್ತವೆ ಎಂದು ಒಪ್ಪಿದರೂ, ಈ ಸಂಖ್ಯೆಯನ್ನು ತಳ್ಳಿಹಾಕುವಂತಿಲ್ಲ. ಇದು ಗೊತ್ತಿದ್ದವರು ಅಣಬೆಗಾಗಿ ಲಿಥಿಯಂ ಬಿಟ್ಟುಬಿಡುವುದೂ ಉಂಟು. ಅದು ಇನ್ನೂ ಕೆಟ್ಟದ್ದು. ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಸಂಭವ ಹೆಚ್ಚು, ಆತ್ಮಹತ್ಯೆಯ ಅಪಾಯವೂ ಏರುತ್ತದೆ.

ಅಣಬೆಯನ್ನೇ ದೂರಿ ಗಾಂಜಾವನ್ನು ಬಿಡುವುದು ನ್ಯಾಯವಲ್ಲ. ನಮ್ಮ ಊರುಗಳಲ್ಲಿ ಅಣಬೆಗಿಂತ ಸುಲಭವಾಗಿ ಸಿಗುವುದು ಅದೇ. 'ಭಂಗಿ ಸೊಪ್ಪು ತಾನೇ, ಗಿಡಮೂಲಿಕೆ' ಎಂಬ ಸಮಾಧಾನ ಬೇರೆ. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಾಂಜಾ ಸೇವಿಸುವವರಲ್ಲಿ ಉನ್ಮಾದದ ಲಕ್ಷಣಗಳು ಹೊಸದಾಗಿ ಕಾಣಿಸಿಕೊಳ್ಳುವ ಸಂಭವ ಸುಮಾರು ಮೂರು ಪಟ್ಟು ಎಂದು ತಿಳಿದುಬಂತು. ಕೊಕೇನ್ ಮತ್ತು ಆಂಫೆಟಮೈನ್ ಜಾತಿಯ ಮಾತ್ರೆಗಳಂತೂ ಉನ್ಮಾದವನ್ನೇ ಅಣಕಿಸುವಂಥ ಸ್ಥಿತಿಯನ್ನು ತರುತ್ತವೆ. ಇನ್ನು ಕಾಡಿನಿಂದ ಕಿತ್ತು ತಂದ ಅಣಬೆಯಲ್ಲಿ ಬೇರೆ ಅಪಾಯವೂ ಇದೆ. ಗ್ಯಾಲರಿನಾ ಎಂಬ ಜಾತಿಯ ಪುಟ್ಟ ಕಂದು ಅಣಬೆಗಳು ನೋಡಲು ಅಮಲಿನ ಅಣಬೆಗಳಂತೆಯೇ ಇರುತ್ತವೆ. ಯಕೃತ್ತನ್ನು ನಾಶಮಾಡುವ ಅವುಗಳ ವಿಷ ಅರ್ಧ ದಿನ ಕಳೆದ ಮೇಲೆ ವಾಂತಿ ಭೇದಿಯಾಗಿ ಕಾಣಿಸಿಕೊಳ್ಳುತ್ತದೆ. ಕಾನೂನಿನ ಮಾತೂ ಇರಲಿ: ನಮ್ಮ ದೇಶದ 1985ರ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಯಲ್ಲಿ ಸೈಲೊಸೈಬಿನ್ ಹೆಸರಿದೆ.

ತಂದೆ ಅಥವಾ ತಾಯಿಗೆ ಬೈಪೋಲಾರ್ ಇದ್ದರೆ ಮಕ್ಕಳಿಗೆ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಹಾಗಿದ್ದೂ ಅಂಥ ಮಕ್ಕಳಲ್ಲಿ ಬಹುಪಾಲು ಜನರಿಗೆ ಅದು ಬರುವುದಿಲ್ಲ. ಆದ್ದರಿಂದ ಮನೆಯವರ ಕಾಯಿಲೆಯ ವಿವರ ಕೇಳಿ ತಿಳಿಯುವುದರಲ್ಲಿ ಭಯಪಡುವಂಥದ್ದೇನೂ ಇಲ್ಲ. ಪಿಸುಮಾತಿನಲ್ಲಿ ಉಳಿದುಹೋದ ಸೋದರಮಾವನ ಕಥೆ ವೈದ್ಯರ ಕೈಗೆ ಸಿಕ್ಕರೆ, ಸೋದರಳಿಯನ ಖಿನ್ನತೆಗೆ ಯಾವ ಮಾತ್ರೆ ಕೊಡಬಾರದು ಎಂಬುದು ಅವರಿಗೆ ತಿಳಿಯುತ್ತದೆ.

ಮಂಕು ಎರಡು ವಾರ ಮೀರಿದರೆ, ಅಥವಾ ನಿದ್ದೆಯಿಲ್ಲದೆಯೂ ಉತ್ಸಾಹ ಉಕ್ಕುತ್ತಿದ್ದರೆ, 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಇದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಗೆಳೆಯನೊಬ್ಬ ಅಣಬೆ ತಿಂದು ಕಂಗೆಟ್ಟಿದ್ದರೆ ಅವನನ್ನು ಒಂಟಿಯಾಗಿ ಬಿಡಬೇಡಿ. ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅಥವಾ ವಾಂತಿ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ತಿಂದದ್ದು ಏನು, ಎಷ್ಟು ಹೊತ್ತಾಯಿತು, ಲಿಥಿಯಂ ತೆಗೆದುಕೊಳ್ಳುತ್ತಿದ್ದಾನೆಯೇ, ಈ ಮೂರನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಅಣಬೆಯ ಚೂರು ಉಳಿದಿದ್ದರೆ ಅದನ್ನೂ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಬೇಕು.