ನವರಂಗದ ನೆರಳು, ಬಾಗಿಲಿನ ಬಿಸಿಲು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಹೊಯ್ಸಳರ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಶಿಲ್ಪಗಳನ್ನು, ಅಂದರೆ ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮರ ಕೆತ್ತನೆಗಳನ್ನು, ಹಗಲು ಬೆಳಕಿನಲ್ಲಿ ಯಾವ ಕ್ಯಾಮೆರಾದಿಂದಲಾದರೂ ಚೆನ್ನಾಗಿ ಸೆರೆಹಿಡಿಯಬಹುದು. ಒಳಗಿನ ನವರಂಗದ, ಅಂದರೆ ಕಂಬಗಳ ಮಂಟಪದ, ಮಾತು ಬೇರೆ. ಅಲ್ಲಿ ಬಾಗಿಲಿನ ಬಿಸಿಲಿಗೆ ಕ್ಯಾಮೆರಾವನ್ನು ಹೊಂದಿಸಿದರೆ ಕಂಬಗಳೂ ಚಾವಣಿಯ ಕೆತ್ತನೆಯಾದ ಭುವನೇಶ್ವರಿಯೂ ಕಪ್ಪಿನಲ್ಲಿ ಕರಗುತ್ತವೆ; ಕಂಬಗಳಿಗೆ ಹೊಂದಿಸಿದರೆ ಬಾಗಿಲು ಬರಿಯ ಬಿಳಿಯ ಚೌಕವಾಗಿ ಮೂಡುತ್ತದೆ. ಹಾಸನದ ಸಮೀಪದ ಮೊಸಳೆಯ ಜೋಡಿ ಗುಡಿಗಳಲ್ಲಾಗಲಿ, ಹೊಳೆನರಸೀಪುರದ ಲಕ್ಷ್ಮೀನರಸಿಂಹ ದೇವಾಲಯದಲ್ಲಾಗಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ರಾಮೇಶ್ವರನ ಸನ್ನಿಧಿಯಲ್ಲಾಗಲಿ ಛಾಯಾಗ್ರಾಹಕರಿಗೆ ಎದುರಾಗುವ ತೊಡಕು ಇದೇ.

ದೃಶ್ಯವೊಂದರ ಅತಿ ಕತ್ತಲಿಗೂ ಅತಿ ಬೆಳಕಿಗೂ ನಡುವಿನ ಅಂತರಕ್ಕೆ ಡೈನಾಮಿಕ್ ರೇಂಜ್ ಎಂದು ಹೆಸರು. ಅದನ್ನು ಅಳೆಯುವ ಮಾನ ಸ್ಟಾಪ್. ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿಯಾಗುವುದರಿಂದ ಹತ್ತು ಸ್ಟಾಪ್‌ಗಳೆಂದರೆ 1,024 ಪಟ್ಟು. ಇಷ್ಟು ವ್ಯಾಪ್ತಿ ಒಂದೇ ಚಿತ್ರಕ್ಕೆ ದಕ್ಕದಿದ್ದಾಗ, ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಅಪರ್ಚರ್, ಫೋಕಸ್, ಐಎಸ್‌ಒ ಮೂರನ್ನೂ ಬದಲಿಸದೆ, ಶಟರ್ ತೆರೆದಿರುವ ಅವಧಿಯನ್ನು ಮಾತ್ರ ಸೆಕೆಂಡಿನ 1/60, 1/15, 1/4 ಹೀಗೆ ಎರಡೆರಡು ಸ್ಟಾಪ್ ಏರಿಸುತ್ತ ಹಲವು ಚಿತ್ರಗಳನ್ನು ತೆಗೆಯುವ ಕ್ರಮವಿದೆ; ಇದನ್ನು ಬ್ರ್ಯಾಕೆಟಿಂಗ್ ಎನ್ನುತ್ತಾರೆ. ಹಲವು ಚಿತ್ರಗಳನ್ನು ಸೇರಿಸಿ ಒಂದಾಗಿಸುವ ವಿಚಾರ ಹೊಸದಲ್ಲ: ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1850ರ ದಶಕದಲ್ಲಿಯೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸಿದ್ದ.

ಹೀಗೆ ತೆಗೆದ ಚಿತ್ರಗಳನ್ನು ಗಣಕಯಂತ್ರದಲ್ಲಿ ಒಂದಾಗಿ ಬೆಸೆಯುವ ಕೆಲಸಕ್ಕೆ ಗಟ್ಟಿಯಾದ ಗಣಿತದ ನೆಲೆ ಒದಗಿಸಿದ್ದು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಪ್ರಕಟಿಸಿದ ಪ್ರಬಂಧ. ಪ್ರತಿಯೊಂದು ಬಿಂದುವಿಗೂ ಎಲ್ಲ ಚಿತ್ರಗಳಿಂದ ಮೌಲ್ಯಗಳನ್ನು ತೆಗೆದುಕೊಂಡು, ತೀರ ಕಪ್ಪಾದ ಅಥವಾ ತೀರ ಬಿಳಿಯಾದ ಮೌಲ್ಯಗಳಿಗೆ ಕಡಿಮೆ ತೂಕ ಕೊಟ್ಟು, ಶಟರ್ ತೆರೆದಿದ್ದ ಅವಧಿಯನ್ನೂ ಲೆಕ್ಕಕ್ಕೆ ಹಿಡಿದರೆ, ದೃಶ್ಯದಲ್ಲಿ ನಿಜವಾಗಿ ಇದ್ದ ಬೆಳಕಿನ ಸಾಪೇಕ್ಷ ಪ್ರಮಾಣ ಸಿಗುತ್ತದೆ. ಲಿನಕ್ಸ್‌ನಲ್ಲಿ ಲ್ಯೂಮಿನನ್ಸ್ ಎಚ್‌ಡಿಆರ್ ತಂತ್ರಾಂಶವು ಇದನ್ನು ಮಾಡುತ್ತದೆ. ರಾ ಕಡತಗಳನ್ನೇ, ಎಂದರೆ ಕ್ಯಾಮೆರಾದ ಸಂವೇದಕ ದಾಖಲಿಸಿದ ಮೂಲ ಮಾಹಿತಿಯನ್ನೇ, ಬೆಸೆದು ಮತ್ತೊಂದು ರಾ ಕಡತವಾಗಿ ಕೊಡುವುದು ಎಚ್‌ಡಿಆರ್‌ಮರ್ಜ್. ಚಿತ್ರಗಳು ಕೂದಲೆಳೆಯಷ್ಟು ಜರುಗಿದ್ದರೂ ಅವುಗಳನ್ನು ಸಾಲುಗೂಡಿಸುವ ಉಪಕರಣ ಹ್ಯೂಗಿನ್ ತಂತ್ರಾಂಶದೊಂದಿಗೆ ಬರುತ್ತದೆ. ಇವೆಲ್ಲ ಮುಕ್ತ ತಂತ್ರಾಂಶಗಳು. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ ತಂತ್ರಾಂಶ ಭಂಡಾರದಿಂದ ಖರ್ಚಿಲ್ಲದೆ ಇಳಿಸಿಕೊಳ್ಳಬಹುದು.

ಬೆಸೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೀಗೆ ದೊರೆತ ವಿಶಾಲ ವ್ಯಾಪ್ತಿಯನ್ನು ಸಾಮಾನ್ಯ ಪರದೆ ತೋರಿಸಲಾರದ್ದರಿಂದ ಅದನ್ನು ಕುಗ್ಗಿಸಬೇಕಾಗುತ್ತದೆ. ಈ ಹಂತವೇ ಟೋನ್ ಮ್ಯಾಪಿಂಗ್. ಲ್ಯೂಮಿನನ್ಸ್‌ನಲ್ಲಿ ಇದಕ್ಕೆ ಮಾಂಟ್ಯುಕ್, ಫಟ್ಟಲ್, ಡ್ರಾಗೊ, ರೈನ್‌ಹಾರ್ಡ್ ಮೊದಲಾದ ಸಂಶೋಧಕರ ಹೆಸರಿನ ವಿಧಾನಗಳಿವೆ. ದಾರಿ ತಪ್ಪುವುದೂ ಇಲ್ಲಿಯೇ. ಸೂಕ್ಷ್ಮ ವಿವರಗಳನ್ನು ಎತ್ತಿ ತೋರಿಸುವ ಫಟ್ಟಲ್‌ನಂಥ ವಿಧಾನವನ್ನು ಅತಿಯಾಗಿ ಬಳಸಿದಾಗ ಕಂಬಗಳ ಸುತ್ತ ಬೆಳಕಿನ ಅಂಚು ಮೂಡಿ, ಹೊಯ್ಸಳರ ಬಳಪದ ಕಲ್ಲು ಎಣ್ಣೆ ಸವರಿದ ಪ್ಲಾಸ್ಟಿಕ್‌ನಂತೆ ಕಾಣತೊಡಗುತ್ತದೆ. ಪ್ರವಾಸೋದ್ಯಮದ ಭಿತ್ತಿಪತ್ರಗಳಿಗೆ ಅದು ಒಪ್ಪಬಹುದೇನೋ, ಶಿಲ್ಪದ ದಾಖಲೆಗೆ ಖಂಡಿತ ಒಪ್ಪದು. ಮರ್ಟೆನ್ಸ್, ಕೌಟ್ಸ್, ವ್ಯಾನ್ ರೀತ್ 2007ರಲ್ಲಿ ಮಂಡಿಸಿದ ಎಕ್ಸ್‌ಪೋಷರ್ ಫ್ಯೂಷನ್ ಎಂಬ ವಿಧಾನವು, ನಡುವೆ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್, ಎಂದರೆ ವಿಶಾಲ ವ್ಯಾಪ್ತಿಯ) ಕಡತವನ್ನೇ ರಚಿಸದೆ, ಪ್ರತಿ ಚಿತ್ರದಿಂದ ಚೆನ್ನಾಗಿ ಮೂಡಿದ ಭಾಗಗಳನ್ನಷ್ಟೇ ಆಯ್ದು ನಯವಾಗಿ ಬೆರೆಸುತ್ತದೆ. ಈ ವಿಧಾನವನ್ನು ಆಧರಿಸಿದ ಎನ್‌ಫ್ಯೂಸ್ ಉಪಕರಣದ ಫಲಿತಾಂಶ ಕಣ್ಣಿಗೆ ಕಂಡ ನವರಂಗಕ್ಕೆ ಹೆಚ್ಚು ಹತ್ತಿರವಾಗಿರುವುದರಿಂದ, ದೇವಾಲಯಗಳ ಒಳಾಂಗಣಕ್ಕೆ ಮೊದಲ ಆಯ್ಕೆ ಅದೇ ಆಗಬೇಕು.

ಈ ವಿಧಾನಗಳಿಗೆಲ್ಲ ತೊಡಕಾಗುವುದು ಚಲನೆ. ನಡೆದಾಡುವ ಭಕ್ತರು, ತೂಗಾಡುವ ದೀಪದ ಕುಡಿ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಇರುವುದರಿಂದ ಬೆಸುಗೆಯಲ್ಲಿ ಅರೆಪಾರದರ್ಶಕ ನೆರಳುಗಳಾಗಿ ಉಳಿದುಬಿಡುತ್ತವೆ. ಹೇಮಾವತಿಯ ಹಿನ್ನೀರಿನಲ್ಲಿ ಅರೆ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಕಮಾನುಗಳು ಅಲುಗದಿದ್ದರೂ ಅವುಗಳ ಕೆಳಗಿನ ಅಲೆಗಳು ಇದೇ ತೊಂದರೆ ಕೊಡುತ್ತವೆ. ಇನ್ನು ಶ್ರವಣಬೆಳಗೊಳದ ಗೊಮ್ಮಟನಂತೆ ಬಯಲ ಬೆಳಕಿನಲ್ಲಿ ನಿಂತ ಮೂರ್ತಿಗೆ, ಸೂರ್ಯ ಮೂರ್ತಿಯ ಬೆನ್ನ ಹಿಂದಿದ್ದಾಗ ಬಿಟ್ಟರೆ, ಈ ಶ್ರಮವೆಲ್ಲ ಅನಗತ್ಯ.

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಕೆಗೆ ನಿರ್ಬಂಧವಿರುವುದರಿಂದಲೂ, ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗೃಹದ ಚಿತ್ರ ತೆಗೆಯಲು ಸಾಮಾನ್ಯವಾಗಿ ಬಿಡದಿರುವುದರಿಂದಲೂ, ಆಸಕ್ತರು ಅನುಮತಿಯ ವಿಚಾರವನ್ನು ಹೊರಡುವ ಮುನ್ನವೇ ಕೇಳಿಕೊಳ್ಳುವುದು ಒಳ್ಳೆಯದು.